ಬಾಗಿಲು ಕಾಯುವವನ ಜೋಡು

“ಹಾಗಲ್ಲ ಕಣೇ! ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡ. ಮಲಗಿದ ಮಗುವಿನ ಮೂಗು ಒರೆಸಿದ ಹಾಗೆ ಒರೆಸು.”

“ಮಗುವಿನ ಮೂಗು ನೀವು ಯಾವತ್ತು ಒರೆಸಿದ್ರಿ, ನನಗೆ ಹೇಳಿಕೊಡೋಕೆ? ಸುಮ್ನೆ ಕೂತ್ಕೊಳ್ಳಿ.”

ಗಂಡ ಕುರ್ಚಿಗೆ ಒರಗಿದ. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಅವನ ಕಪ್ಪು ಶೂಗಳನ್ನು ಮುಂದಿಟ್ಟುಕೊಂಡು ಅವಳು ಕೂತಿದ್ದಳು. ಸಂಗೀತ ಸಭಾಂಗಣದ ದೊಡ್ಡ ಬಾಗಿಲಲ್ಲಿ ನಿಂತು, ಬಂದವರಿಗೆ ಬಾಗಿಲು ತೆರೆಯುವುದು ಅವನ ಕೆಲಸ. ಬೇಸಿಗೆಯಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತು ಮರಳಿತು, ಕಾಲು ಮರಳಿತು, ಕೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮಡಿಲಲ್ಲೇ ಕೂತಿತ್ತು. ಇವತ್ತು ಸಂಜೆಯ ಕಾರ್ಯಕ್ರಮಕ್ಕೆ ಬಂದು ನಿಲ್ಲಲಿ, ಆದರೆ ಸರಿ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರು ಹೇಳಿಕಳಿಸಿದ್ದರು. ಅಂದಿನಿಂದ ಅವನಿಗೆ ಅನ್ನ ನಿದ್ದೆ ಎರಡೂ ಸೇರುತ್ತಿರಲಿಲ್ಲ.

ಶೂ ವಿಷಯದಲ್ಲಿ ಅವನದು ಬೇರೆಯೇ ರಾಜ್ಯ. ಯಾರೂ ಮುಟ್ಟುವ ಹಾಗಿಲ್ಲ. ರಜೆಯ ದಿನ ಬೆಳಿಗ್ಗೆ ಡಬ್ಬಿ, ಬ್ರಷ್ಷು ಹಿಡಿದು ಬಾಲ್ಕನಿಗೆ ಹೋದರೆ ಬಾಗಿಲನ್ನೂ ಎಳೆದುಕೊಳ್ಳುತ್ತಿದ್ದ. “ನನ್ನ ಸವತಿಗೆ ಸಿಂಗಾರ ಆಯ್ತಾ?” ಎಂದು ಅವಳು ಒಳಗಿನಿಂದಲೇ ಕೂಗುತ್ತಿದ್ದಳು. ಇವತ್ತು ಎಡಗೈಯಲ್ಲಿ ತಾನೇ ಹೆಣಗಾಡಿ, ಡಬ್ಬಿ ಕೈಜಾರಿ ಉರುಳಿ ಒಲೆಯ ಕೆಳಗೆ ಸೇರಿದ ಮೇಲೆ, ಅವಳ ಮುಖ ನೋಡದೆ ಹೇಳಿದ್ದ: “ನೀನೇ ಮಾಡು. ಧೂಳು ಒರೆಸಿ, ಮೇಲೊಂದು ಕೈ ಪಾಲಿಶ್ ಹಚ್ಚು. ಬೇರೇನೂ ಮಾಡೋಕೆ ಹೋಗಬೇಡ.”

ಮಾತ್ರೆಯ ಮಂಪರಿಗೆ ಅವನ ತಲೆ ಕುರ್ಚಿಯ ಬೆನ್ನಿಗೆ ವಾಲಿತು. ಅವಳು ಶೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿಂಗಳುಗಟ್ಟಲೆ ಕೈ ಕಾಣದೆ, ಪದರದ ಮೇಲೆ ಪದರ ಕೂತ ಪಾಲಿಶ್ಶು ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಇದರ ಮೇಲೆ ಇನ್ನೊಂದು ಕೈ ಹಚ್ಚುವುದೆಂದರೆ ಕೊಳಕು ಅಂಗಿಗೆ ಇಸ್ತ್ರಿ ಹಾಕಿದ ಹಾಗೆ. ಅವಳು ಕೆಲಸ ಮಾಡುವುದು ಲಾಂಡ್ರಿಯಲ್ಲಿ, ಕಲೆ ತೆಗೆಯುವ ಮೇಜಿನಲ್ಲಿ. ಕಲೆ ಕಂಡರೆ ಅವಳ ಬೆರಳು ಅವಳ ಮಾತನ್ನೇ ಕೇಳುವುದಿಲ್ಲ. ಸ್ಪಿರಿಟ್ ಬಾಟಲಿ ತಂದಳು, ಹತ್ತಿ ಅದ್ದಿದಳು, ಕಲೆ ಹರಡದಂತೆ ಅಂಚಿನಿಂದ ಒಳಕ್ಕೆ, ಒತ್ತಿ ಎತ್ತಿ, ಒತ್ತಿ ಎತ್ತಿ ಹೊರಟಳು.

ಹತ್ತಿ ಕಪ್ಪಾಯಿತು. ಇನ್ನೊಂದು ಉಂಡೆಯೂ ಕಪ್ಪಾಯಿತು. ಆಮೇಲೆ ಬಂದದ್ದು ಕಪ್ಪಲ್ಲ.

ಚರ್ಮಕ್ಕೆ ಗಾಯ ಮಾಡಿಬಿಟ್ಟೆನೇನೋ ಎಂದು ಅವಳು ಹತ್ತಿಯನ್ನು ಕೆಳಗಿಟ್ಟಳು. ಕಪ್ಪಿನ ನಡುವೆ ಹೆಬ್ಬೆರಳಗಲ ಕೆಂಪು. ಒಲೆಯಲ್ಲಿ ಆರುವ ಕೆಂಡಕ್ಕೆ ಇರುತ್ತದಲ್ಲ, ಕಂದೂ ಅಲ್ಲದ ಕೆಂಪೂ ಅಲ್ಲದ ಆ ಬಣ್ಣ. ಬೆರಳಿಟ್ಟು ನೋಡಿದಳು. ಗಾಯವಲ್ಲ. ಅವಳಿಗೆ ಆ ಬಣ್ಣ ಗೊತ್ತಿತ್ತು.

ಮದುವೆಗೆ ಮುಂಚೆ, ತನ್ನ ಮೊದಲ ಸಂಬಳದಲ್ಲಿ, ಅಂಗಡಿ ಅಂಗಡಿ ಅಲೆದು ಅವನಿಗಾಗಿ ಆರಿಸಿದ ಶೂ. ಮದುವೆಯ ದಿನ ಹಾಕಿಕೊಂಡಿದ್ದ. ಮುಂದಿನ ವಾರ ಕಾಣಲಿಲ್ಲ. ಕೇಳಿದ್ದಕ್ಕೆ, “ಕಾಲು ಕಚ್ತಿತ್ತು, ಯಾರಿಗೋ ಕೊಟ್ಟೆ” ಎಂದಿದ್ದ. ಅವಳು ಎಷ್ಟೋ ದಿನ ಮಾತು ಬಿಟ್ಟಿದ್ದಳು. ಆಮೇಲೆ ಅದು ಅವಳ ಬತ್ತಳಿಕೆಯ ಬಾಣವಾಯಿತು. ಯಾವ ಜಗಳವಾದರೂ ಕೊನೆಗೆ ಅದೇ: “ಕೊಟ್ಟದ್ದನ್ನ ಉಳಿಸಿಕೊಳ್ಳೋ ಗಂಡಸಲ್ಲ ನೀವು.”

ಅವಳು ಶೂವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಮಳೆಯಲ್ಲಿ ನಡೆದು ಬಂದದ್ದು ಇದೇ. ಮಗಳು ಹುಟ್ಟಿದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಇದೇ. ದಿನಾ ಸಂಜೆ ಹೊಸ್ತಿಲು ದಾಟಿದ್ದು, ದಿನಾ ರಾತ್ರಿ ಹೊಸ್ತಿಲಿಗೆ ಮರಳಿದ್ದು. ಅವಳ ಕಣ್ಣೆದುರೇ ಇದ್ದು, ಅವಳಿಗೆ ಕಾಣದೆ ಇದ್ದದ್ದು.

“ಏನೇ ಮಾಡಿದೆ!” ಗಂಡ ಎಚ್ಚೆತ್ತಿದ್ದ.

“ಇದು ಅದೇನಾ?”

ಅವನು ತನ್ನ ಸತ್ತ ಕೈಯನ್ನು ನೋಡಿಕೊಂಡ. “ಕೆಲಸ ಸಿಕ್ಕಿದ್ದು ಮದುವೆಯಾದ ವಾರ ಅಲ್ವಾ. ಕಪ್ಪು ಶೂ ಇದ್ರೇನೇ ಬಾಗಿಲು ಅಂದ್ರು. ಇನ್ನೊಂದು ಜೊತೆ ನಮ್ಮ ಹತ್ರ ಎಲ್ಲಿತ್ತು? ನೀನು ಆಸೆಪಟ್ಟು ತಂದಿದ್ದಕ್ಕೆ ಮಸಿ ಬಳಿದೆ ಅಂತ ಯಾವ ಬಾಯಲ್ಲಿ ಹೇಳಲಿ?”

“ಯಾರಿಗೋ ಕೊಟ್ಟೆ ಅನ್ನೋಕೆ ಬಾಯಿ ಇತ್ತಾ?”

“ಅದು ಸುಲಭಕ್ಕೆ ಬಂತು.”

“ಆಮೇಲಾದ್ರೂ ಬೇರೆ ಕಪ್ಪು ಶೂ ತಗೋಬಹುದಿತ್ತು.”

“ತಗೊಂಡ್ರೆ ಇದನ್ನ ಎಲ್ಲಿಡಲಿ? ಮೂಲೇಲಿಟ್ರೆ ನಿನ್ನ ಕಣ್ಣಿಗೆ ಬೀಳುತ್ತೆ. ಎಸೆಯೋಕೆ ಮನಸಿಲ್ಲ. ಅಟ್ಟೆ ಹರಿದಾಗೆಲ್ಲ ಹೊಸದು ಹಾಕಿಸ್ದೆ. ಕಾಲಲ್ಲೇ ಇರಲಿ ಅಂತ.”

ಅವಳು ಶೂವನ್ನು ಅವನ ಮುಂದಕ್ಕೆ ಸರಿಸಿದಳು.

“ಹೀಗೇ ಕೆಂಪಾಗೇ ಹಾಕ್ಕೊಂಡು ಹೋಗಿ,” ಎಂದಳು.

“ಬೇಡ್ವೇ.” ಅವನ ದನಿ ಇಳಿಯಿತು. “ಮೊದಲೇ ಕೈ ನೋಡ್ತಾರೆ. ಇನ್ನು ಕಾಲಲ್ಲೂ ತಪ್ಪು ಸಿಕ್ಕಿದ್ರೆ ಮುಗೀತು. ನನಗೆ ಬಾಗಿಲು ಬೇಕು.”

“ಸರಿ. ಆದ್ರೆ ಒಂದು ಸಲ ಪೂರ್ತಿ ನೋಡ್ತೀನಿ. ಸಂಜೆಗೆ ಇನ್ನೂ ಹೊತ್ತಿದೆ.”

ಅವನು ಎಡಗೈಯಿಂದ ಇನ್ನೊಂದು ಶೂವನ್ನೂ ಅವಳತ್ತ ತಳ್ಳಿದ. ಅವಳು ಎರಡೂ ಶೂಗಳ ಕಪ್ಪನ್ನು ಬಿಡಿಸಿದಳು. ಒಣಗಿ ಬಿಳಿಚಿದ ಚರ್ಮಕ್ಕೆ ಅವನು ಹೇಳಿದಂತೆ ಬರಿಬೆರಳಲ್ಲಿ ಕ್ರೀಮು ಸವರಿದಳು. ಸವರಿದ್ದು ಸವರಿದ ಹಾಗೇ ಒಳಗಿಳಿಯಿತು. “ಕುಡೀತಾ ಇದೆ ಕಣ್ರೀ,” ಎಂದಳು ಪಿಸುದನಿಯಲ್ಲಿ. “ಹ್ಞೂಂ, ಕೊಡು, ಬಾಯಾರಿದೆ,” ಎಂದ ಅವನು. ಬಣ್ಣ ನೆಲದಿಂದ ನೀರೇಳುವ ಹಾಗೆ ಮೇಲೆದ್ದು ಬಂತು. ಮೇಜಿನ ಮೇಲೆ, ಹಳೇ ಪೇಪರಿನ ಮೇಲೆ, ಕೆಂಡದ ಬಣ್ಣದ ಜೋಡು. ಇಬ್ಬರೂ ಅದನ್ನೇ ನೋಡಿದರು.

ಆಮೇಲೆ ಅವಳೇ ಕಪ್ಪು ಡಬ್ಬಿಯ ಮುಚ್ಚಳ ತೆಗೆದಳು. ಶೂ ಅಲುಗದಿರಲೆಂದು ಅವನ ಬಲಗೈಯನ್ನು ಎತ್ತಿ, ಮೊಣಕೈಯನ್ನು ಮೇಜಿಗಾನಿಸಿ, ಶೂವೊಳಗೆ ತೂರಿಸಿದಳು. ಬಟ್ಟೆ ಬೆರಳಿಗೆ ಸುತ್ತಿ, ತೆಳುವಾಗಿ, ಸುತ್ತು ಸುತ್ತಾಗಿ ಹಚ್ಚತೊಡಗಿದಳು. ಮಲಗಿದ ಮಗುವಿನ ಮುಖಕ್ಕೆ ಹೊದಿಕೆ ಎಳೆಯುವ ಹಾಗೆ ಕೆಂಪು ಮುಚ್ಚುತ್ತ ಬಂತು. ನಡುವೆ ಶೂವಿನ ಒಳಗಿಂದ, ಅವನ ಕೈ ಇದ್ದ ಕಡೆಯಿಂದ, ಏನೋ ಅವಳ ಬೆರಳನ್ನು ಒತ್ತಿದಂತಾಯಿತು. ತಲೆಯೆತ್ತಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಅವಳು ಒಂದು ಹನಿ ನೀರು ಚಿಮುಕಿಸಿ ಮತ್ತೆ ಉಜ್ಜಿದಳು.

ಸಂಜೆ ಸಭಾಂಗಣದ ಎದುರಿನ ಪಾದಚಾರಿ ದಾರಿಯಲ್ಲಿ ಅವಳು ನಿಂತಳು. ಹತ್ತಿರ ಬರಬೇಡ ಎಂದಿದ್ದ. ಮ್ಯಾನೇಜರು ಹೊರಬಂದು ಅವನನ್ನು ನೆತ್ತಿಯಿಂದ ಅಳೆಯುತ್ತ ಇಳಿದರು. ಕಣ್ಣು ಕೈಯ ಬಳಿ ನಿಂತಿತು, ಶೂಗಳ ಬಳಿ ಇನ್ನಷ್ಟು ಹೊತ್ತು ನಿಂತಿತು. ಏನೋ ಕೇಳಿದರು. ಇವನು ತಲೆಯಾಡಿಸಿದ. ಅವರು ಪಕ್ಕಕ್ಕೆ ಸರಿದು ನಿಂತರು.

ಕಾರ್ಯಕ್ರಮಕ್ಕೆ ಬಂದ ಮೊದಲ ಜೋಡಿ ಮೆಟ್ಟಿಲು ಹತ್ತಿತು. ಅವನು ಎಡಗೈಯಿಂದ ಹಿಡಿಕೆ ಹಿಡಿದು, ಎರಡೂ ಪಾದ ಊರಿ, ಮೈಯೆಲ್ಲ ಹಿಂದಕ್ಕೊಯ್ದು ಎಳೆದ. ಬಾಗಿಲು ಮಿಸುಕಲಿಲ್ಲ. ಅವನು ಬಲಗೈಯನ್ನೂ ಎತ್ತಿ ಹಿಡಿಕೆಯ ಮೇಲಿಟ್ಟ. ಬಾಗಿಲು ತೆರೆಯಿತು. ಒಳಗೆ ವಾದ್ಯಗಳು ಶ್ರುತಿ ಕೂಡಿಸಿಕೊಳ್ಳುವ ನಾದ ಬೀದಿ ದಾಟಿ ಅವಳವರೆಗೆ ಬಂತು. ಬಾಗಿಲು ಮುಚ್ಚಿತು. ನಾದ ನಿಂತಿತು. ಮತ್ತೆ ತೆರೆಯಿತು.