ಎರಡು ಹೊತ್ತಿನ ನೀರು

"ಇಲ್ಲೂ ಹಸಿರಿಲ್ಲ," ಎನ್ನುತ್ತ ಮಾವ ಕ್ಷೌರದ ಕತ್ತಿಯನ್ನು ಇನ್ನೊಂದು ಗೇಣು ಕೆಳಗಿಳಿಸಿ ದಾಸವಾಳದ ತೊಗಟೆ ಕೆರೆದರು. ಒಳಗೆ ಬರೀ ಕಂದು. ಜೀವಮಾನವಿಡೀ ಜನರ ಗಲ್ಲ ಕೆರೆದ ಕತ್ತಿ ಅದು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಸೊಸೆಯ ಮುಷ್ಟಿಯಲ್ಲಿ ನಿನ್ನೆ ಉದುರಿದ ಮೊಗ್ಗಿತ್ತು. ಗಿಡದ ಮೊದಲ ಮೊಗ್ಗು.

ಅವಳ ಗಂಡ ಗುಡ್ಡದ ಕಲ್ಲುಸಂದಿಯಿಂದ ಕಡ್ಡಿ ಮುರಿದು ತಂದು ಹಿತ್ತಿಲಲ್ಲಿ ಊರಿದ ಕಾಡುದಾಸವಾಳ ಅದು. "ಈ ನೆಲದ್ದೇ ಗಿಡ, ತಾನಾಗೇ ಬೆಳೆಯುತ್ತೆ," ಎಂದಿದ್ದ. ಯಾವ ಬಣ್ಣದ ಹೂವೆಂದು ಕೇಳಿದರೆ, "ಬಿಟ್ಟಾಗ ನೋಡುವೆಯಂತೆ, ಏನವಸರ?" ಎಂದು ನಕ್ಕಿದ್ದ. ಕಡ್ಡಿ ಚಿಗುರುವಷ್ಟರಲ್ಲಿ ಅವನು ಓಡಿಸುತ್ತಿದ್ದ ಲಾರಿ ಮಗುಚಿತು.

ಆಮೇಲೆ ಮನೆಯಲ್ಲಿ ಅವನ ಹೆಸರೆತ್ತುವವರಿಲ್ಲ. ಅಂಗಡಿಯಲ್ಲಿ ಊರ ಸುದ್ದಿಯನ್ನೆಲ್ಲ ಜಾಲಾಡುವ ಮಾವ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಹೊಲಿಗೆ ಯಂತ್ರದ ಮುಂದೆ ಕೂರುವ ಸೊಸೆಯೂ ಅಷ್ಟೆ. ಒಬ್ಬರು ಅತ್ತರೆ ಇನ್ನೊಬ್ಬರು ಕುಸಿದಾರೆಂಬ ಭಯ. ಹೂವಿನ ಬಣ್ಣ ನೋಡಬೇಕೆಂಬ ಆಸೆಯನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಎಲೆ ಹಳದಿಗಟ್ಟಿ ಬಾಡಿ ಜೋತಾಗ, ಬಾಯಾರಿದೆ ಎಂದುಕೊಂಡರು ಇಬ್ಬರೂ.

ಮಾವ ಬುಡ ಹಿಡಿದು ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಿಡ ಕೈಗೆ ಬಂತು. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಗುಂಡಿಯಲ್ಲಿ ನೀರು ಜಿನುಗಿ ನಿಂತಿತು.

"ಇಷ್ಟೊಂದು ನೀರು ಎಲ್ಲಿಂದ ಬಂತಮ್ಮಾ?"

"ನಾನೇ ಮಾವ. ದಿನಾ ಸಂಜೆ ಒಂದು ಕೊಡ ಹಾಕ್ತಿದ್ದೆ. ಬಾಡ್ತಿದೆಯಲ್ಲ ಅಂತ ಆಮೇಲೆ ಎರಡು."

ಮಾವ ಗಿಡವನ್ನು ಮೆಲ್ಲಗೆ ನೆಲಕ್ಕಿಟ್ಟರು. "ನೀನು ಏಳೋ ಮುಂಚೆ ನಾನೂ ಹಾಕ್ತಿದ್ದೆ," ಎಂದರು. "ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕೇಳ್ಲಿಲ್ಲ ನೋಡು. ನಾವೇ ಮುಳುಗಿಸಿಬಿಟ್ವಿ."

ಗಂಡನದೆಂದು ಉಳಿದಿದ್ದ ಒಂದು ಜೀವವನ್ನೂ ಕೈಯಾರೆ ಕೊಂದಿದ್ದರು. ಸೊಸೆ ಮುಷ್ಟಿ ಬಿಚ್ಚಿ ಮೊಗ್ಗನ್ನು ಉಗುರಿನಿಂದ ಸೀಳಿದಳು. ಒಳಗೆ ಸುತ್ತಿಕೊಂಡಿದ್ದ ಎಸಳುಗಳು ಕೊಳೆತು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ಯಾವ ಬಣ್ಣ?" ಮಾವ ಕೇಳಿದರು. ಅವಳ ಅಂಗೈಯೊಳಗಿನ ಸಣ್ಣ ಎಸಳು ಅವರಿಗೆ ಸರಿಯಾಗಿ ಕಾಣಲಿಲ್ಲ, ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು.

ಅವಳು ಮುಷ್ಟಿ ಮುಚ್ಚಿದಳು. "ಹಳದಿ, ಮಾವ."

"ಹಳದಿನಾ..." ಎಂದರು. ತೋರಿಸು ಎನ್ನಲಿಲ್ಲ.

ಬರುವಾಗ ಮಾವ ಅಭ್ಯಾಸಬಲದಿಂದ ತುಂಬಿ ತಂದಿದ್ದ ಚೊಂಬು ಪಕ್ಕದಲ್ಲೇ ಇತ್ತು. ಅದನ್ನೆತ್ತಿ ಕತ್ತಿಯ ಮೇಲೆ ನೀರು ಸುರಿದರು. ಕೆಸರು ತೊಳೆದುಹೋದ ಮೇಲೂ ಸುರಿಯುತ್ತಲೇ ಇದ್ದರು.