ಗುಡ್ಡ ಕೊರೆದವರು

ಅಕ್ಕನ ಮನೆಯೊಳಗೆ ಮೊಣಕಾಲುದ್ದ ಕೆಸರು ನುಗ್ಗಿತ್ತು. ಒಲೆ ಹೂತುಹೋಗಿತ್ತು. ಹಾಸಿಗೆ, ಪಾತ್ರೆ, ಮಗಳ ಶಾಲೆಯ ಚೀಲ, ಎಲ್ಲವೂ ಒಂದೇ ಬಣ್ಣ. ತಮ್ಮ ಬೆಳಗಿನಿಂದ ಗುದ್ದಲಿ ಹಿಡಿದು ಕೆಸರು ಎತ್ತಿ ಹೊರಗೆ ಹಾಕುತ್ತಿದ್ದ. ಸೊಂಟ ಬಿದ್ದುಹೋಗಿತ್ತು. ಆದರೂ ತಲೆಯೆತ್ತಿ ಗುಡ್ಡದ ಕಡೆ ನೋಡುವ ಧೈರ್ಯವಿರಲಿಲ್ಲ.

ಕೆಸರು ಬಂದ ದಾರಿಯನ್ನು ಕೊರೆದವನು ಅವನೇ.

ಗುಡ್ಡದ ಬುಡದಲ್ಲಿ ಮರ ಉರಿಸಿ ಕರೆಂಟು ಮಾಡುವ ಕಾರ್ಖಾನೆಯಿದೆ. ಗೇಟಿನ ಮೇಲೆ ‘ಹಸಿರು ವಿದ್ಯುತ್’ ಎಂಬ ದೊಡ್ಡ ಬೋರ್ಡು. ಕಡಿದ ಮರಗಳಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಲ್ಲಿ ಎಳೆದು ತರುವುದು ತಮ್ಮನ ಕೆಲಸ. ಮೊದಮೊದಲು ಗುಡ್ಡಕ್ಕೆ ಅಡ್ಡಡ್ಡವಾಗಿ, ಸುತ್ತು ಹಾಕಿ ಎಳೆಯುತ್ತಿದ್ದ. ಮೇಸ್ತ್ರಿ ರೇಗಿದ.

“ಏನಯ್ಯಾ, ಮೆರವಣಿಗೆ ಹೊರಟಿದೀಯಾ? ನೇರ ಇಳಿಸು. ಬಾಯ್ಲರ್ ಹಸಿದು ಕೂತಿದೆ.”

ನೇರ ಇಳಿಸಿದ. ಚಕ್ರ ಓಡಿದಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗದಾಯಿತು. ದಿಮ್ಮಿ ಉಜ್ಜಿದಲ್ಲಿ ಎದೆಯಾಳದ ಕೊರಕಲು ಬಿತ್ತು. ಹಿಂದೆಲ್ಲ ರೆಂಬೆ, ಎಲೆ ನೆಲದಲ್ಲೇ ಕೊಳೆಯುತ್ತಿದ್ದವು. ಈಗ ಅವನ್ನೂ ಗುಡಿಸಿ, ಬೊಡ್ಡೆಗಳನ್ನೂ ಕಿತ್ತು, ಚಕ್ಕೆ ಮಾಡಿ ಬಾಯ್ಲರಿಗೆ ತುಂಬಿದರು. ಕಡಿದ ಕಡೆಯೆಲ್ಲ ಗುಡ್ಡ ಬೋಳಾಯಿತು. ಮೊದಲ ದೊಡ್ಡ ಮಳೆಗೇ ನೀರು, ಮಣ್ಣು ಎಲ್ಲ ಕೊರಕಲು ಹಿಡಿದು ಕೆಳಗಿನ ಬೀದಿಗೆ ಇಳಿಯಿತು.

ಗುಡ್ಡ ಜಾರಿದ್ದರ ವಿಚಾರಣೆಗೆ ಸರ್ಕಾರಿ ಸಾಹೇಬರು ಬರುತ್ತಾರೆಂದು ತಿಳಿದು ಮೇಸ್ತ್ರಿ ಅವನನ್ನು ಹುಡುಕಿಕೊಂಡು ಬಂದ.

“ಹೆಂಗಸರು ಸೌದೆ ಆರಿಸಿ ಆರಿಸಿ ಗುಡ್ಡ ಸಡಿಲ ಮಾಡಿದ್ರು ಅಂತ ಹೇಳು. ಅಷ್ಟೇ.”

“ನಮ್ಮಕ್ಕನೂ ಸೌದೆಗೆ ಹೋಗ್ತಾಳೆ.”

“ಯಾರ ಹೆಸರೂ ಹೇಳ್ಬೇಡ. ಸುಮ್ನೆ ಹೆಂಗಸರು ಅನ್ನು. ಕೆಲಸ ಬೇಕೋ ಬೇಡ್ವೋ?”

ಬೇಕಿತ್ತು. ಸುತ್ತಮುತ್ತ ಬೇರೆ ಕೆಲಸವೇ ಇರಲಿಲ್ಲ. ಅಕ್ಕನ ಗಂಡ ಬಡಗಿ. ಮರವೆಲ್ಲ ಬಾಯ್ಲರಿಗೆ ಹೋಗಿ, ಭಾವ ಆರು ತಿಂಗಳಿಂದ ಉಳಿ ಮುಟ್ಟಿರಲಿಲ್ಲ. ಈಗ ಅವರ ಸಂಸಾರವೂ ತಮ್ಮನ ಒಂದೇ ಕೋಣೆಯಲ್ಲಿತ್ತು.

ಸಾಹೇಬರು ಕಾರ್ಖಾನೆಯ ಆಫೀಸಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಮೇಸ್ತ್ರಿ. ಬಾಗಿಲ ಬಳಿ ಅಕ್ಕ ನಿಂತಿದ್ದಳು. ಉಗುರುಸಂದಿಯಲ್ಲಿ ಇನ್ನೂ ಕೆಸರು.

“ಗುಡ್ಡ ಯಾಕೆ ಜಾರಿತು?”

ತಮ್ಮ ಅಕ್ಕನ ಕೈ ನೋಡಿದ. “ಸೌದೆ ಆರಿಸಿದ್ದಕ್ಕಲ್ಲ ಸಾರ್. ದಿಮ್ಮಿ ನೇರ ಎಳೆದಿದ್ದಕ್ಕೆ. ಎಳೆದೋನು ನಾನು. ಎಳಿ ಅಂದೋರು ಈ ಮೇಸ್ತ್ರಿ.”

ಸಾಹೇಬರು ಬಹಳ ಹೊತ್ತು ಬರೆದರು. ಆಮೇಲೆ ಓದಿದರು: “ಚಾಲಕನ ಅಜಾಗರೂಕತೆಯಿಂದ...”

“ಇವರು ಹೇಳಿದ್ರು ಅಂದ್ನಲ್ಲ ಸಾರ್, ಅದು?”

“ಬರವಣಿಗೇಲಿ ಕೊಟ್ಟಿದಾರಾ?”

ಅಕ್ಕ ಮುಂದೆ ಬಂದಳು. “ಮನೆ ತುಂಬ ಕೆಸರಿದೆ, ಬಂದು ನೋಡಿ ಸಾರ್. ಅದನ್ನೂ ಬರವಣಿಗೇಲಿ ತರ್ಬೇಕಾ?”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ತಮ್ಮನ ಕೆಲಸ ಅವತ್ತೇ ಹೋಯಿತು.

ಎರಡು ದಿನ ಕಳೆದು ಭಾವ ಹೊಸ್ತಿಲ ಮೇಲೆ ಕೂತು, ಮುಖ ನೋಡದೆ ಹೇಳಿದ. “ನೀನೇ ಓಡಿಸೋಕೆ ಕಲಿಸಿದ್ಯಲ್ಲ, ಆ ನಿನ್ನ ಟ್ರ್ಯಾಕ್ಟರು ನನಗೆ ಕೊಟ್ಟಿದಾರೆ ಕಣೋ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ಅಕ್ಕ ಗೋಡೆಯ ಕಡೆ ತಿರುಗಿದಳು. ತಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಕೂಗಾಡುವುದು? ಉಣ್ಣುವ ಬಾಯಿಗಳೆಲ್ಲ ಆ ಕೋಣೆಯಲ್ಲೇ ಇದ್ದವು.

“ಹೋಗಿ ಭಾವ. ಆದ್ರೆ ನೇರ ಎಳೀಬೇಡಿ. ಅಡ್ಡಕ್ಕೆ ಎಳೀರಿ.”

“ತೆಗೆದು ಹಾಕ್ತಾರೆ.”

“ಹಾಕ್ಲಿ. ನಮ್ಮ ಕೈಯಿಂದ್ಲೇ ನಮ್ಮ ಮನೆ ಹೂಳೋದು ಬೇಡ.”

ನೆಲದ ಮೇಲೆ ಬೆರಳಿನಿಂದ ಗೀಚಿ, ಎಲ್ಲಿ ತಿರುಗಿಸಬೇಕು, ಎಲ್ಲಿ ಬ್ರೇಕು ಹಿಡಿಯಬೇಕು ಎಂದು ತೋರಿಸಿದ.

ಮರುದಿನ ಮಧ್ಯಾಹ್ನವೇ ಭಾವ ವಾಪಸು ಬಂದ. ಅಡ್ಡಕ್ಕೆ ಎಳೆದದ್ದು ನಾಲ್ಕೇ ದಿಮ್ಮಿ, ಅಷ್ಟಕ್ಕೇ ತೆಗೆದುಹಾಕಿದ್ದರು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಭಾವನ ಬದಲು ಅದೇ ಟ್ರ್ಯಾಕ್ಟರಿಗೆ ಹೊಸದಾಗಿ ಹತ್ತಿದವನು ಹೊರಗೆ ನಿಂತಿದ್ದ. ಅವನ ಹಿಂದೆ ಕಾರ್ಖಾನೆಯ ಇನ್ನಿಬ್ಬರು ಚಾಲಕರು.

“ನಾಳೆ ನಾವು ಮೂರೂ ಜನ ಅಡ್ಡಕ್ಕೇ ಎಳೀತೀವಿ,” ಎಂದ ಹೊಸಬ. “ಎಷ್ಟು ಜನರನ್ನ ತೆಗೀತಾರೋ ನೋಡೋಣ. ಹೇಗಂತ ಒಂದ್ಸಲ ತೋರಿಸ್ಕೊಡಣ್ಣ.”

ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಅಕ್ಕ ಎದ್ದು ಹಾಸಿಗೆ ಸುತ್ತಿ ಜಾಗ ಮಾಡಿದಳು.