ಹೇರಿದ ಗಾಡಿ, ಖಾಲಿ ಲಾರಿ

ನನ್ನ ಗಂಡನನ್ನು ಮಣ್ಣು ಮಾಡಿದ ದಿನ ನನ್ನ ಅಣ್ಣ ಚನ್ನಯ್ಯ ನಮ್ಮೂರು ಗುಡ್ನಾಪುರದ ಹತ್ತು ಮಂದಿಯ ಎದುರು ಮಾತು ಕೊಟ್ಟ: "ಶಾರದಿ ಏಳನೇ ಇಯತ್ತೆ ಮುಲ್ಕಿ ಪರೀಕ್ಷಾ ಪಾಸಾಗ್ಲಿ. ಶಿರಸ್ಯಾಗ ನನ್ನ ಮನ್ಯಾಗ ಇಟ್ಕೊಂಡು ಹೈಸ್ಕೂಲು ಓದಸ್ತೀನಿ." ಜನ ಇಲ್ಲದ ಕಡೆ ಅವನು ಮಾತು ಕೊಡುವವನಲ್ಲ. ತಲೆದೂಗುವವರು ಇದ್ದರೇ ಅವನ ಔದಾರ್ಯ ಗಂಟಲು ದಾಟುವುದು.

ನನ್ನ ಮಗಳು ಶಾರದಿ ಮುಲ್ಕಿ ಪಾಸಾದದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ. ಅಷ್ಟರಲ್ಲಿ ಚನ್ನಯ್ಯನಿಗೆ ಲಾರಿ ಬಂದಿತ್ತು, ಲಾರಿಯ ಜೊತೆಗೆ ಇಂಗ್ಲಿಷೂ. ಇಂಗ್ಲಿಷೆಂದರೆ ಲಾರಿಯ ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ಬರೆಸಿದಷ್ಟೇ. ಬನವಾಸಿಗೆ ಉಪ್ಪು ತಂದಾಗಲೆಲ್ಲ ನಮ್ಮೂರಲ್ಲಿ ನಿಲ್ಲಿಸಿ, ಛತ್ರಿಯ ತುದಿಯಿಂದ ಅಕ್ಷರ ಮುಟ್ಟಿ ಪಾಠ ಹೇಳುತ್ತಿದ್ದ.

"ಲೇಡನ್ ಅಂದ್ರ ಹೇರಿದ್ದು. ಬರೇ ಹೇರಿದ್ದಲ್ಲ, ಜಗ್ಗೂವಂಗ ಹೇರಿದ್ದು. ಅನ್‌ಲೇಡನ್ ಅಂದ್ರ ಖಾಲಿ. ಸರಕಾರಕ್ಕ ಎರಡೂ ತೂಕ ಬೇಕು."

ಆ ಶಬ್ದವನ್ನು ತಾನೇ ಹೆತ್ತು ಸಾಕಿದವನ ಹಾಗೆ ಹೇಳುತ್ತಿದ್ದ.

ಒಮ್ಮೆ ಶಾರದಿ ರಘುಪತಿ ಮಾಸ್ತರರ ಡಿಕ್ಷನರಿ ನೋಡಿಕೊಂಡು ಬಂದವಳು, "ಮಾವ, ಹಣ್ಣು ಜಗ್ಗಿದ ಗಿಡಕ್ಕೂ ಲೇಡನ್ ಅಂತಾರಂತ. ದುಃಖ ತುಂಬಿದ ಮನಸ್ಸಿಗೂ ಅಂತಾರಂತ" ಎಂದಳು.

"ನಿಮ್ಮವ್ವನ ಮನಸ್ಸಿನ ತೂಕ ಯಾವ ಲಾರಿ ಮ್ಯಾಲೆ ಬರದಾರವಾ?" ಎಂದ.

ಜನ ನಕ್ಕರು. ನಾನು ಹುಲ್ಲಿನ ಹೊರೆ ಹೊತ್ತು ಅಲ್ಲೇ ನಿಂತಿದ್ದೆ. ಇಳಿಸಲು ಯಾರೂ ಕೈ ಹಚ್ಚಲಿಲ್ಲ, ಲೇಡನ್ನಿನ ಅರ್ಥ ಬಲ್ಲ ಅಣ್ಣನೂ.

ಜೂನಿನಲ್ಲಿ ಶಾರದಿಯನ್ನು ಕರೆದೊಯ್ಯಲು ಬಂದ. ಅವಳನ್ನು ಬಿಟ್ಟು ಬರಲು ನಾನೂ ಹೊರಟೆ. ಉಪ್ಪು ಇಳಿಸಿ ಲಾರಿ ಖಾಲಿ ಮರಳುತ್ತಿತ್ತು. ಟ್ರಂಕು ಹಿಂದೆ ಹಾಕಿ, ತಾಯಿ ಮಗಳು ಡ್ರೈವರ್ ಮಾಸ್ತಿಯ ಪಕ್ಕ ಒತ್ತಿಕೊಂಡು ಕೂತೆವು. ಬಾಗಿಲ ಬದಿಗೆ ಚನ್ನಯ್ಯ. ತನ್ನ ಹೆಂಡತಿ ಎಂಥ ದೊಡ್ಡ ಮನಸ್ಸಿನವಳು ಎಂಬುದನ್ನು ಊರು ದಾಟುವಷ್ಟರಲ್ಲಿ ಹೇಳಿ ಮುಗಿಸಿದ.

ಕೆರೆ ಏರಿಯ ಮೇಲೆ ಎದುರಿಗೆ ನಮ್ಮೂರ ಬೀರನ ಎತ್ತಿನ ಗಾಡಿ ಬಂತು, ತುಂಬ ಗೊಬ್ಬರ ಹೇರಿಕೊಂಡು. ಏರಿಯ ಅಗಲ ಒಂದೇ ಗಾಡಿಯದು. ಅಲ್ಲಿ ನಮ್ಮವರ ರೂಢಿಯೂ ಒಂದೇ: ಹೇರಿದ್ದು ಮುಂದೆ ಬರಲಿ, ಖಾಲಿಯದು ಹಿಂದೆ ಸರಿಯಲಿ. ಯಾರ ಗಾಡಿ ಎಂದು ಕೇಳುವುದಿಲ್ಲ. ಮಾಸ್ತಿ ಗೇರಿಗೆ ಕೈ ಹಾಕಿದ.

"ತಡಿ," ಎಂದ ಚನ್ನಯ್ಯ. "ಸಗಣಿ ಗಾಡಿಗೆ ನನ್ನ ಲಾರಿ ಹಿಂದ ಸರೀಬೇಕೇನ? ಏ ಬೀರ, ಹಿಂದಕ್ಕ ಹೊಡಿ."

"ಸಾವ್ಕಾರ್ರ, ಎತ್ತಿಗೆ ಹಿಂದಿನ ಗೇರು ಇಟ್ಟಿಲ್ರಿ ದೇವ್ರು," ಎಂದ ಬೀರ. "ನಿಮ್ಮ ಗಾಡಿಗೆ ಐತಂತ ಕೇಳೀನಿ."

ಚನ್ನಯ್ಯ ಹಾರ್ನು ಹೊಡೆಸಿದ. ಎತ್ತು ಬೆದರಿದವು, ಒಂದು ಗಾಲಿ ನೀರಿನ ಕಡೆ ಜಾರಿತು. ಬೀರ ಜಿಗಿದು ಗಾಲಿಗೆ ಹೆಗಲು ಕೊಟ್ಟು ನಿಂತ.

"ಮಾವ," ಎಂದಳು ಶಾರದಿ, "ನಮ್ದು ಅನ್‌ಲೇಡನ್. ನಾವ ಸರೀಬೇಕು."

ಮಾಸ್ತಿ ಕಿಸಕ್ಕನೆ ನಕ್ಕ. ಚನ್ನಯ್ಯನ ಕಿವಿ ಕೆಂಪಾದವು. ನನ್ನ ಕಡೆ ತಿರುಗಿದ.

"ಗುರುಶಾಂತಿ, ತಪ್ಪಾತು ಅನ್ನಾಕ ಹೇಳು ಈಕಿಗೆ. ಇಲ್ಲಾಂದ್ರ ಟ್ರಂಕು ಇಳಿಸ್ಕೊ."

ನನಗೆ ಆ ಹೈಸ್ಕೂಲು ಬೇಕಿತ್ತು. ಮಗಳಿಗೆ ನನಗಿಂತ ಬೇಕಿತ್ತು; ನಾನು ಹೂಂ ಅಂದರೆ ಸಾಕು, ಅಂದುಬಿಡುತ್ತಿದ್ದಳು. ಆದರೆ ಇವತ್ತು ತಪ್ಪಾತು ಅಂದವಳು ಅವನ ಮನೆಯಲ್ಲಿ ದಿನಾ ಅನ್ನಬೇಕು, ತಾಟಿನ ಮುಂದೆ ಕೂತಾಗಲೂ. ಗಾಲಿ ಜಾರುವುದನ್ನು ಕಂಡೂ ಹಾರ್ನು ಹೊಡೆಸುವವನ ಅನ್ನ ಅದು.

"ಕೆಳಗಿಳಿ ಅಣ್ಣಾ," ಎಂದೆ.

"ಯಾಕ, ನಾ ಯಾಕ ಇಳೀಲಿ?"

"ಬಾಗಲಾಗ ಕುಂತೀಯಲ್ಲ. ನೀ ಇಳಿದ್ರ ನಾವು ಇಳಿಯೂದು."

ಅವನು ಕೆಸರಿಗೆ ಇಳಿದು, ಧೋತರ ಎತ್ತಿ ಹಿಡಿದು ನಮಗೆ ದಾರಿ ಬಿಟ್ಟ. ನಾನು ಟ್ರಂಕು ಇಳಿಸಿದೆ. ಶಾರದಿಯೂ ನಾನೂ ಬೀರನ ಗಾಲಿಗೆ ಕೈ ಕೊಟ್ಟೆವು.

ಎತ್ತು ಸರಿಯಲಿಲ್ಲ, ಕೆರೆಯೂ ಸರಿಯಲಿಲ್ಲ. ಕಡೆಗೆ ಲಾರಿಯೇ ಹಿಂದಕ್ಕೆ ಹೋಯಿತು. "ಮಳಿ ಬರೂವಂಗೈತಿ, ಅದಕ್ಕ ಬಿಟ್ಟೀನಿ" ಎಂದು ಮತ್ತೆ ಹತ್ತಿ ಕೂತ ಚನ್ನಯ್ಯ ಕಿಟಕಿಯಿಂದ ಕೂಗಿ ಹೇಳಿದ. ಗಾಡಿ ಕೆರೆ ಏರಿಯಿಂದ ಇಳಿದ ಮೇಲೆ ಅವನು ನಮ್ಮ ಹತ್ತಿರ ನಿಲ್ಲಿಸದೆ ಶಿರಸಿಗೆ ಹೋದ.

ಶಾರದಿ ಹೈಸ್ಕೂಲು ಓದಲಿಲ್ಲ. ಚನ್ನಯ್ಯ ಕೊಟ್ಟ ಮಾತು ನಡೆಸಲಿಲ್ಲ.